ಮೌಲಾಬಿ ಕೇಳದೇ ಬಿಟ್ಟ ಒಂದು ಕೈ

ಗೋಗಿಯ ಬಳೆಗಾರ್ತಿ ಮೌಲಾಬಿಗೆ ಹೆಣ್ಣುಮಕ್ಕಳ ಮುಖ ಮರೆತುಹೋಗುತ್ತದೆ, ಕೈ ಮರೆಯುವುದಿಲ್ಲ. ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ "ಆರಾಮ ಇದ್ದೀರೇನ್ರಿ?" ಎಂದು ಎದುರು ನಿಂತರೆ ಅವಳ ಕಣ್ಣು ಮೊದಲು ಮಣಿಕಟ್ಟಿಗೆ ಹೋಗುತ್ತದೆ. "ಎರಡು-ಆರು. ಎಡಗೈ ಹೆಬ್ಬೆಟ್ಟಿನ ಬುಡ ಗಟ್ಟಿ. ಹಾಂ, ನೀ ಕಾಲುವಿ ಆಚಿ ಮನಿ ಸಣ್ಣ ಸೊಸಿ ಅಲ್ಲೇನು? ಹ್ವಾದ ಸಲಕ್ಕಿಂತ ದಪ್ಪ ಆಗೀಯಲ್ಲವ್ವಾ!" ಗುರುತು ಹಿಡಿದ ಖುಷಿಯೂ ದಪ್ಪ ಎಂದ ಸಿಟ್ಟೂ ಒಟ್ಟಿಗೇ ಆಗಿ ಆ ಸೊಸೆ ನಿಂತಲ್ಲೇ ಒಂದು ಡಜನ್ ಕೊಳ್ಳುತ್ತಾಳೆ. ಅಳತೆ ಈಗ ಎರಡು-ಎಂಟು.

ಮದುವೆಯಾಗಿ ಬಂದಾಗ ಅತ್ತೆ ಮದೀನಾಬೀ ಸೊಸೆಯ ಕೈಗೆ ಒಪ್ಪಿಸಿದ್ದು ಬಳೆ ತುಂಬುವ ಒಂದು ಚೀಲ, ತಿರುಗಲು ಗೋಗಿ ಮತ್ತು ಅದರ ಸುತ್ತಲಿನ ಹಳ್ಳಿಗಳು. ಚೀಲ ಹರಿದು ಎಷ್ಟೋ ಸಲ ಹೊಸದಾಗಿದೆ. ಹಳ್ಳಿಗಳನ್ನು ಮಾತ್ರ ಹರಿಯಗೊಟ್ಟಿಲ್ಲ. ಬಳೆಗಾರರಲ್ಲಿ ಊರೆಂದರೆ ಹೊಲವಿದ್ದ ಹಾಗೆ. ಬದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಒಬ್ಬರ ಊರಿನಲ್ಲಿ ಇನ್ನೊಬ್ಬರು ಚೀಲದ ಬಾಯಿ ಬಿಚ್ಚುವಂತಿಲ್ಲ. ಮದುಮಗಳಿಗಂತೂ ಆ ಊರಿನ ಬಳೆಗಾರ್ತಿಯೇ ಬಳೆ ಇಡಿಸಬೇಕು, ಬೇರೆ ಕೈಯಿಂದ ಇಡಿಸಿಕೊಂಡರೆ ಒಳ್ಳೆಯದಾಗುವುದಿಲ್ಲ ಎಂದು ಹಿಂದೆ ಯಾರೋ ಹೇಳಿದ್ದಾರೆ. ಹೇಳಿದವರು ಬಳೆಗಾರರೇ ಇರಬೇಕು.

ಸುರಪುರದ ಕಡೆಯ ಹಳ್ಳಿಗಳು ಖುರ್ಷೀದಬೇಗಂ ಎಂಬುವಳ ಪಾಲಿನವು. ಆಕೆ ಒಮ್ಮೆ ನೆಂಟರ ಮದುವೆಗೆ ಗೋಗಿಗೆ ಬಂದಳು, ಚೀಲವನ್ನೂ ತಂದಿದ್ದಳು. "ಮಾರಾಕಲ್ಲ ಆಪಾ, ನೆಂಟರಿಗೆ ಸುಮ್ನ ತೋರಸಾಕ," ಎಂದಳು. "ತೋರ್ಸು ತೋರ್ಸು, ನಾನೂ ನೋಡ್ತೀನಿ," ಎಂದ ಮೌಲಾಬಿ ಹೋಗಿ ಆ ಚೀಲದ ಮೇಲೆಯೇ ಮೊಣಕಾಲೂರಿ ಕುಳಿತಳು. ಬಿರ್ಯಾನಿ ಉಂಡು, ಮೀಠಾ ತಿಂದು, ಬೀಗರು ಎದ್ದುಹೋಗುವವರೆಗೂ ಮೊಣಕಾಲು ಅಲ್ಲಾಡಲಿಲ್ಲ. ಅಂದಿನಿಂದ ಇಬ್ಬರೂ ಎದುರಾದರೆ ಬಹಳ ಪ್ರೀತಿಯಿಂದ ಮಾತಾಡುತ್ತಾರೆ.

ಗಾಜಿನ ಬಳೆಯನ್ನು ಕೈಗೆ ಏರಿಸುವುದರಲ್ಲಿ ಬಲಕ್ಕಿಂತ ಮಾತು ಹೆಚ್ಚು ಬೇಕು. ಹೆಬ್ಬೆಟ್ಟಿನ ಬುಡವನ್ನು ಒತ್ತಿ ಒಳಗೆ ಮಡಚಬೇಕು, ಆ ಹೊತ್ತಿಗೆ ಸರಿಯಾಗಿ ಏನಾದರೂ ಕೇಳಬೇಕು. ಅತ್ತೆ ಹೆಂಗದಾಳ, ನಾದಿನಿ ಲಗ್ನ ಎಲ್ಲಿಗೆ ಬಂತು. ಉತ್ತರ ಹೇಳುವ ಭರದಲ್ಲಿ ಹೆಣ್ಣು ತನ್ನ ಕೈಯನ್ನು ಮರೆಯುತ್ತಾಳೆ, ಬಳೆ ಜಾರಿ ಒಳಗೆ ಹೋಗುತ್ತದೆ. ಮುಚ್ಚಿಡುವಂಥದ್ದೇನಾದರೂ ಇದ್ದರೆ ಕೈ ಬಿಗಿಯುತ್ತದೆ, ಬಳೆ ಹೆಚ್ಚುತ್ತದೆ. ಒಡೆಯಿತು ಎಂದು ಬಳೆಗಾರರು ಬಾಯಲ್ಲಿ ಆಡುವುದಿಲ್ಲ. ಹೀಗೆ ಕೈ ಹಿಡಿದೇ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ತಿಳಿಯುತ್ತ ಬಂದ ಮೌಲಾಬಿಗೆ ಒಂದು ನಂಬಿಕೆ ಗಟ್ಟಿಯಾಗಿತ್ತು. ಬಾಯಿ ಸುಳ್ಳು ಹೇಳಬಹುದು, ಹೆಬ್ಬೆಟ್ಟಿನ ಬುಡ ಹೇಳುವುದಿಲ್ಲ.

ಅವಳಿಗೆ ಒಬ್ಬನೇ ಮಗ, ಹಾಶಿಮ. ಗೋಗಿ-ಶಹಾಪುರದ ನಡುವೆ ಟಂಟಂ ಓಡಿಸುತ್ತಿದ್ದ. ಆರು ಜನರ ಗಾಡಿಯಲ್ಲಿ ಹದಿನಾಲ್ಕು ಜನರನ್ನು ಕೂರಿಸುವುದು ಅವನಿಗೆ ತಾಯಿಯಿಂದ ಬಂದ ವಿದ್ಯೆ. ಬಳೆ ಸಣ್ಣದು, ಕೈ ದೊಡ್ಡದು, ಮಾತಾಡಿಸುತ್ತ ತೂರಿಸಬೇಕು. ಒಂದು ಮಧ್ಯಾಹ್ನ ಕ್ರಾಸಿನ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಕೀಲಿಯನ್ನು ಅದರಲ್ಲೇ ಬಿಟ್ಟು, ಚಹಾದಂಗಡಿಯ ಅಮಾತೆಪ್ಪನಿಗೆ "ಕಾಕಾ, ಒಂದು ಖಡಕ್ ಮಾಡು, ಈಗ ಬಂದೆ," ಎಂದ. ಗಾಡಿಯಲ್ಲಿ ಹೆಂಗಸರು ಕುಳಿತೇ ಇದ್ದರು. ಚಹಾ ಆರಿ ಕೆನೆಗಟ್ಟಿತು. ಹೆಂಗಸರು ಬೈದು ಬೈದು ಸಾಕಾಗಿ ಬಸ್ಸು ಹತ್ತಿದರು. ಹಾಶಿಮ ಬರಲಿಲ್ಲ. ಎರಡು ವರ್ಷ ದಾಟಿದರೂ ಬಂದಿಲ್ಲ. ಫೋನು ಅಂದೇ ಬಂದ್ ಆಯಿತು. ಜಗಳವಿಲ್ಲ, ಚೀಟಿ ಇಲ್ಲ, ಕಾರಣವೆಂಬುದು ಯಾರಿಗೂ ಸಿಕ್ಕಿಲ್ಲ.

ಠಾಣೆಗೆ ಕೊಡಲು ಮನೆಯಲ್ಲಿದ್ದ ಫೋಟೋ ಒಂದೇ. ಸ್ಟುಡಿಯೋದಲ್ಲಿ ಕಪ್ಪು ಚಷ್ಮಾ ಹಾಕಿಕೊಂಡು ಪರದೆಯ ಮೇಲಿನ ತಾಜಮಹಲಿಗೆ ಒರಗಿ ನಿಂತದ್ದು. ಅದು ವಾಟ್ಸಾಪಿನಲ್ಲಿ ಹರಿದಾಡಿದ್ದೇ ತಡ, ಕಪ್ಪು ಚಷ್ಮಾ ಹಾಕಿದ ಗಂಡಸರೆಲ್ಲ ಹಾಶಿಮರಾದರು. ಒಬ್ಬರಿಗೆ ಪುಣೆಯಲ್ಲಿ ಕಂಡ, ಇನ್ನೊಬ್ಬರಿಗೆ ಸೊಲ್ಲಾಪುರದ ಸ್ಟೇಶನ್ನಿನಲ್ಲಿ. ಟೂರಿಗೆ ಹೋಗಿ ಬಂದ ಒಬ್ಬನಂತೂ ಆಗ್ರಾದ ತಾಜಮಹಲಿನ ಮುಂದೆಯೇ ನೋಡಿದೆ ಎಂದ. ಕೈ ಹಿಡಿದು ನೋಡೋಣವೆಂದರೆ ಸುದ್ದಿ ತರುವವರೆಲ್ಲ ಗಂಡಸರು. ಹಾಗಾಗಿ ಮೌಲಾಬಿ ಗಿರಾಕಿ ತಂದ ಖೋಟಾ ನೋಟು ನೋಡುವ ಹಾಗೆ ಪ್ರತಿ ಸುದ್ದಿಯನ್ನೂ ಬೆಳಕಿಗೆ ಹಿಡಿಯುತ್ತಿದ್ದಳು.

"ನಡೀವಾಗ ಎಡಗಾಲು ಎಳೀತಿದ್ನೇನ್ರಿ?"

"ಹೌದ್ರಿ! ಭಾಳ ಎಳೀತಿದ್ದ. ನೋಡಿ ಸಂಕಟ ಆತು."

"ನನ್ನ ಮಗನ ಕಾಲು ಎರಡೂ ನೆಟ್ಟಗದಾವು. ಚಹಾ ಕುಡದ ಹೋಗ್ರಿ."

ದರ್ಗಾಕ್ಕೆ ಚಾದರ ಹೊದಿಸಿದಳು. ಅಬ್ಬೆತುಮಕೂರಿನ ಮಠಕ್ಕೂ ಹೋಗಿ ಕಾಯಿ ಒಡೆಸಿದಳು. ಬಳೆ ಇಡಿಸುವಾಗ ಇದು ಯಾರ ಮನೆ ಎಂದು ನೋಡಿದವಳಲ್ಲ, ಬೇಡುವಾಗ ಯಾಕೆ ನೋಡಬೇಕು? ಮಠದ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದಾಗ ಪಕ್ಕದ ಹೆಣ್ಣುಮಗಳು ಮೆಲ್ಲಗೆ, "ಹಸಿರು ಅದಾವೇನ್ರಿ?" ಎಂದಳು. ಮೌಲಾಬಿ ಒಂದು ಕಣ್ಣು ತೆರೆದಳು. ಇದು ಯಾವ ಬಳೆಗಾರ್ತಿಯ ಸೀಮೆಯೋ ಏನೋ. "ಇಲ್ಲಿ ಬ್ಯಾಡವ್ವಾ, ಬಸ್ಸಿನ್ಯಾಗ," ಎಂದು ಮತ್ತೆ ಕಣ್ಣು ಮುಚ್ಚಿದಳು. ಬಸ್ಸು ಯಾರ ಊರೂ ಅಲ್ಲ.

ಆಮೇಲೆ ತನಗೆ ಗೊತ್ತಿದ್ದ ದಾರಿಯಲ್ಲೇ ಹುಡುಕಲು ಶುರುಮಾಡಿದಳು. ಊರೂರು ತಿರುಗುತ್ತ, ಬಳೆ ಸರಿಯಾಗಿ ಗೆಣ್ಣಿನ ಮೇಲೆ ಬಂದು ನಿಂತ ಹೊತ್ತಿಗೆ, "ನಮ್ಮ ಹಾಶಿಮನ್ನ ಎಲ್ಲ್ಯರ ನೋಡೀಯೇನವ್ವಾ?" ಎಂದು ಕೇಳುವಳು. ಬಾಯಿ ಏನು ಹೇಳಿತೆಂದು ಕೇಳಿಸಿಕೊಳ್ಳುತ್ತಿರಲಿಲ್ಲ. ಬಳೆ ಸಲೀಸಾಗಿ ಜಾರಿದರೆ ಆ ಮನೆ ಮುಗಿಯಿತು.

ಹೀಗಿರುವಾಗ ಅಮಾತೆಪ್ಪನ ಹೆಂಡತಿ ಅಯ್ಯಮ್ಮನ ಕೈ ಬಿಗಿಯಿತು.

ಬಿಗಿದದ್ದೆಂದರೆ ಅಷ್ಟಿಷ್ಟಲ್ಲ, ಕೊರಡಿನ ಹಾಗೆ. ಬಳೆ ಹೆಚ್ಚಿತು. ಹಾಶಿಮನನ್ನು ಕೊನೆಗೆ ನೋಡಿದವನು ಈಕೆಯ ಗಂಡ! ಮೌಲಾಬಿ ಮುಖದ ಮೇಲೆ ಏನೂ ತೋರಗೊಡದೆ ಇನ್ನೊಂದು ಕೈಗೂ ಬಳೆ ಇಡಿಸಿ, ನೀರು ಕೇಳಿ ಕುಡಿದು, ನೆಟ್ಟಗೆ ಗಂಡ ಜಲಾಲುದ್ದೀನನ ಪಂಕ್ಚರ್ ಅಂಗಡಿಗೆ ನಡೆದಳು. ಅವನು ಟೈರು ಕೈಬಿಟ್ಟು, ಸಿಕ್ಕವರನ್ನೆಲ್ಲ ಕರೆದುಕೊಂಡು ಅಮಾತೆಪ್ಪನ ಮನೆಗೆ ನುಗ್ಗಿದ. ಹತ್ತಿ ಬಿಡಿಸಿದ ಕಾಲ. ರೇಟು ಏರಲೆಂದು ಒಳಕೋಣೆಯಲ್ಲಿ ತೊಲೆಯ ತನಕ ಹತ್ತಿ ಒಟ್ಟಿದ್ದರು. "ಏನದ ಇಲ್ಲಿ, ಬರೇ ಹತ್ತಿ!" ಎಂದು ಅಯ್ಯಮ್ಮ ಬಾಗಿಲಿಗೆ ಅಡ್ಡ ನಿಂತಳು. ಹತ್ತಿ ಸೀನಿತು.

ಎಳೆದು ತೆಗೆದರೆ ಹೊರಬಂದವನು ದೇವಿಂದ್ರ, ಅಯ್ಯಮ್ಮನ ತಮ್ಮ. ಸುರಪುರದಲ್ಲಿ ಒಂದು ಕಚೇರಿಯ ಜವಾನ. ಹೆಂಡತಿ ಮರಿಲಿಂಗಮ್ಮನ ಬಾಯಿಗೆ ಹೆದರಿ ವಾರದಿಂದ ಅಕ್ಕನ ಮನೆಯ ಹತ್ತಿಯೊಳಗೆ ವಾಸವಾಗಿದ್ದ. ತಲೆ, ಮೀಸೆ, ಹುಬ್ಬು ಎಲ್ಲ ಬೆಳ್ಳಗಾಗಿ ಒಂದೇ ವಾರದಲ್ಲಿ ಮುದುಕನಾಗಿದ್ದ. ಸುರಪುರದಲ್ಲಿ ಮರಿಲಿಂಗಮ್ಮ "ಸಾಹೇಬ್ರು ಕಲಬುರಗಿಗೆ ಟ್ರೇನಿಂಗಿಗೆ ಕಳಿಸ್ಯಾರ," ಎಂದು ಓಣಿಗೆಲ್ಲ ಹೇಳಿಕೊಂಡು ಬಹಳ ನೆಮ್ಮದಿಯಿಂದಿದ್ದಳು. ಹುಡುಕಿಕೊಡಿ ಎಂದು ಯಾರೂ ಕೇಳದಿದ್ದ ಮನುಷ್ಯ ಹೀಗೆ ಸಿಕ್ಕಿಬಿಟ್ಟ.

ಮೌಲಾಬಿ ಅವನನ್ನು ಮೇಲಿಂದ ಕೆಳಗೆ ನೋಡಿ, "ಇವ ಅಲ್ಲ," ಎಂದಳು. ಬೇರೆ ಬಣ್ಣದ ಮಾಲು ಕಳಿಸಿದ ಹೈದರಾಬಾದಿನ ಸಾಹುಕಾರನಿಗೆ ಹೇಳುವ ಹಾಗೆ.

ಊರು ಇದನ್ನು ಹೇಳಿಕೊಂಡು ಇನ್ನೂ ನಗುತ್ತದೆ. ಮೌಲಾಬಿ ಮಾತ್ರ ಸೋಲಲಿಲ್ಲ. "ಕೈ ಖರೆ ಹೇಳ್ತು ನೋಡ್ರಿ. ಆಕಿ ಮುಚ್ಚಿಟ್ಟಿದ್ದಳಾ ಇಲ್ಲಾ? ಯಾರನ್ನ ಅಂಬೂದಷ್ಟ ತಪ್ಪಾತು."

ಹೀಗೆ ತನ್ನ ಹಳ್ಳಿಗಳ ಎಲ್ಲ ಕೈಗಳನ್ನೂ ಹಿಡಿದು ಕೇಳಿ ಮುಗಿಸಿದಳು. ಒಂದು ಕೈ ಮಾತ್ರ ಉಳಿಯಿತು. ಅದು ಫರ್ಹೀನಳದು.

ಫರ್ಹೀನ್ ಎಂದರೆ ಹಾಶಿಮನಿಗೆ ಮಂಗನಿಯಾಗಿ ಮದುವೆ ಗೊತ್ತಾಗಿದ್ದ ಹುಡುಗಿ. ಎರಡು ಓಣಿ ಆಚೆ ಮನೆ. ಹೊಲಿಗೆ ಮಶೀನಿಟ್ಟುಕೊಂಡು ಜಂಪರು ಹೊಲಿಯುತ್ತಾಳೆ. ಹಾಶಿಮ ಹೋದ ಮೇಲೆ ಆಕೆ ಬಳೆ ಇಡಿಸಿಕೊಳ್ಳುವುದನ್ನೇ ಬಿಟ್ಟು ವಾಚು ಕಟ್ಟಿಕೊಂಡಿದ್ದಳು, ಮೌಲಾಬಿ ಓಣಿಗೆ ಬಂದರೆ ಒಳಗೆ ಹೋಗುತ್ತಿದ್ದಳು. ಹಾಶಿಮ ಹೋದ ದಿನ ಬೆಳಿಗ್ಗೆ ಅವನೂ ಅವಳೂ ಫೋನಿನಲ್ಲಿ ಮಾತಾಡಿದ್ದರೆಂದು ಊರು ಹೇಳುತ್ತಿತ್ತು. ಯಾರಿಗಾದರೂ ಏನಾದರೂ ಗೊತ್ತಿದ್ದರೆ ಈ ಹುಡುಗಿಗೇ. ಅದಕ್ಕೇ ಮೌಲಾಬಿ ಕೇಳಲಿಲ್ಲ. ಕೇಳದ ಕೈ ಒಂದು ಇರುವವರೆಗೆ ಮಗನ ಸುದ್ದಿ ಊರಲ್ಲೇ ಎಲ್ಲೋ ಇದೆ ಎಂದು ಧೈರ್ಯ. ಕೇಳಿಬಿಟ್ಟು, ಆ ಕೈಯೂ ಮೆತ್ತಗೆ ಇದ್ದರೆ, ಆಮೇಲೆ ಎಲ್ಲಿಗೆ ಹೋಗುವುದು?

ಹಾಗಿರುವಾಗ ಫರ್ಹೀನಳ ತಾಯಿ ನುಜ್ಹತ ಬಾಗಿಲಿಗೆ ಬಂದಳು. ಶಹಾಪುರದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ತೌಫೀಕ್ ಎಂಬ ಹುಡುಗನ ಜೊತೆ ಮಗಳ ನಿಕಾಹ್ ನಿಶ್ಚಯವಾಗಿತ್ತು.

"ಆಪಾ, ಎಷ್ಟ ಅಂತ ಕಾಯ್ಲಿ? ಹೆಣ್ಣ ಹೆತ್ತಾಕಿ ನಾನು."

"ನಾ ಏನರ ಅಂದ್ನೇನು? ಚಲೋ ಆತು. ಮುಬಾರಕ್."

"ಬಳಿ ನೀವ ಬಂದು ಇಡಿಸ್ಬೇಕು."

"ಬರ್ತೀನಿ ಬರ್ತೀನಿ. ಆದ್ರ ಹಸಿರು ಮಾಲು ಖಾಲಿ ಆಗೇದ. ಹೈದರಾಬಾದಿನ ಕಡಿಂದ ಬರ್ಬೇಕು."

ನುಜ್ಹತ ಹೆಂಗಸಲ್ಲ, ರೈಲು. ನೆಂಟರ ಹುಡುಗನ ಕೈಯಲ್ಲಿ ಹೈದರಾಬಾದಿನಿಂದಲೇ ಹಸಿರು ಬಳೆ ತರಿಸಿದಳು. ಮೌಲಾಬಿ ಡಬ್ಬಿ ತೆರೆದು, ಬಳೆ ಒಂದನ್ನು ಕಣ್ಣಿಗೆ ಹಿಡಿದು, "ಇದು ಎರಡು-ಆರು. ಹುಡುಗಿದು ಎರಡು-ನಾಲ್ಕು," ಎಂದಳು. ಎರಡು-ನಾಲ್ಕೂ ಬಂತು. "ಮಾಲು ಹಗುರ ಐತಿ, ನಿಲ್ಲೂದಿಲ್ಲ," ಎಂದಳು. ಭಾರದ್ದೂ ಬಂತು. ಆಗ ಮೌಲಾಬಿಯ ಬಲಗೈಗೆ ಒಮ್ಮೆಲೇ ನೋವು ಬಂದು, ಅರಿಶಿನ ಹಚ್ಚಿ ಬಟ್ಟೆ ಸುತ್ತಿಕೊಂಡು ಕುಳಿತಳು. ನುಜ್ಹತ ಬಂದು ಬಟ್ಟೆ ನೋಡಿದಳು.

"ನಿನ್ನೆ ಎಡಗೈಗೆ ಸುತ್ತಿದ್ರಿ?"

"ನೋವು ಆ ಕಡಿ ಈ ಕಡಿ ಓಡ್ಯಾಡಾಕತ್ತೇದ."

"ಓಡ್ಯಾಡ್ಲಿ ಬಿಡ್ರಿ ಆಪಾ. ನಾಳಿಗೆ ಬಳಿ. ನೀವು ಬರ್ಲಿಲ್ಲಂದ್ರ ಸುರಪುರದ ಖುರ್ಷೀದಬೇಗಂಗ ಫೋನ್ ಹಚ್ತೀನಿ. ಆಕಿ ಕೈಗೇನೂ ಆಗಿಲ್ಲಂತ."

ಮೌಲಾಬಿಯ ಮೈ ಉರಿದುಹೋಯಿತು. ಖುರ್ಷೀದಬೇಗಂ ಗೋಗಿಯಲ್ಲಿ ಒಬ್ಬ ಮದುಮಗಳಿಗೆ ಬಳೆ ಇಡಿಸಿದಳೆಂದರೆ ಮದೀನಾಬೀ ಬಿಟ್ಟುಹೋದ ಸೀಮೆಯೆಲ್ಲ ಒಂದೇ ಮಧ್ಯಾಹ್ನಕ್ಕೆ ಕೈಬಿಟ್ಟ ಹಾಗೆ. ಇಡಿಸಲು ಹೋದರೆ ಆ ಕೈ ಹಿಡಿಯಬೇಕು.

ಜಲಾಲುದ್ದೀನ ಹೊರಸಿನ ಮೇಲೆ ಕುಳಿತು ಟ್ಯೂಬಿಗೆ ಮರಳುಕಾಗದ ಉಜ್ಜುತ್ತಿದ್ದ. ತಲೆ ಎತ್ತಲಿಲ್ಲ.

"ಹಾಶಿಮನ ಅಮ್ಮಾ, ಹೋಗಿ ಬಾ."

"ಕೈ ನೋಯ್ತದ."

"ಯಾವ ಕೈ?"

ಮೌಲಾಬಿ ಸುತ್ತಿದ ಬಟ್ಟೆ ನೋಡಿಕೊಂಡಳು.

"ನಾ ಪಂಕ್ಚರ್ ಹಚ್ಚಾವ. ಟ್ಯೂಬು ನೀರಾಗ ಮುಳಗಿಸಿದ್ರನ ತೂತು ಎಲ್ಲೈತಿ ಅಂತ ಗೊತ್ತಾಗ್ತದ. ಮುಳಗಿಸೂದ ಬ್ಯಾಡ ಅಂತ ಎಷ್ಟ ದಿನ ಬಗಲಾಗ ಹಿಡಕೊಂಡು ಅಡ್ಡಾಡ್ತಿ?"

"ತೂತ ಸಿಗ್ಲಿಲ್ಲಂದ್ರ?"

ಜಲಾಲುದ್ದೀನ ಟ್ಯೂಬನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿಕೊಂಡ. ಮರಳುಕಾಗದ ಉಜ್ಜುತ್ತಲೇ ಇದ್ದ.

ಮರುದಿನ ಮೌಲಾಬಿ ಬಟ್ಟೆ ಬಿಚ್ಚಿ, ಚೀಲ ಹೆಗಲಿಗೇರಿಸಿ ಹೊರಟಳು. ನಡುಮನೆಯ ಚಾಪೆಯ ತುಂಬ ಹೆಂಗಸರು. ಊರಿಗೆ ಬೇಕಾದದ್ದು ಬಳೆಯಲ್ಲ, ಆ ಪ್ರಶ್ನೆ. ಅಯ್ಯಮ್ಮ ಸಹ ಅಂಗಡಿಯ ಕೆಲಸ ಗಂಡನಿಗೆ ಒಪ್ಪಿಸಿ ಮುಂದೆಯೇ ಬಂದು ಕುಳಿತಿದ್ದಳು. ಒಮ್ಮೆ ತನ್ನ ಮನೆಯ ಹತ್ತಿ ಕೆದರಿದವಳ ಸರದಿ ಈಗ ಬಂದಿತ್ತು. ಫರ್ಹೀನ್ ಹಳದಿ ಓಢಣಿ ಹೊದ್ದು ಕುಳಿತಿದ್ದಳು. ಮಣಿಕಟ್ಟಿನಲ್ಲಿ ವಾಚು ಇರಲಿಲ್ಲ. ಅದಿದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು.

ಮೌಲಾಬಿ ಕೈ ಹಿಡಿದಳು. ಹೆಬ್ಬೆಟ್ಟಿನ ಬುಡ ಒತ್ತಿದಳು. ಒಂದು ಬಳೆ ಏರಿತು, ಇನ್ನೊಂದು ಏರಿತು. ಎಂದೂ ಬಾಯಿ ಮುಚ್ಚದ ಬಳೆಗಾರ್ತಿ ಮಾತಿಲ್ಲದೆ ಬಳೆ ಇಡಿಸುವುದನ್ನು ಗೋಗಿ ಅಂದೇ ಮೊದಲು ನೋಡಿದ್ದು. ಎಡಗೈ ಮುಗಿಯಿತು. ಬಲಗೈಯೂ ಮುಗಿಯುತ್ತ ಬಂತು. ಅಯ್ಯಮ್ಮ ನಿಟ್ಟುಸಿರು ಬಿಟ್ಟಳು.

ಆಗ ಫರ್ಹೀನಳೇ ಮೆಲ್ಲಗೆ ಅಂದಳು. "ಖಾಲಾ, ಕೇಳೂದಿಲ್ಲೇನು?"

"ಏನ ಕೇಳ್ಬೇಕು?"

"ಊರಾಗ ಎಲ್ಲಾರ್ನೂ ಕೇಳೀರಿ. ಅಯ್ಯಮ್ಮಕ್ಕನ್ನೂ ಕೇಳೀರಿ. ನನ್ನ ಒಬ್ಬಾಕಿನ್ನ ಬಿಟ್ರಿ. ಯಾಕ?"

ಮೌಲಾಬಿಯ ಬೆರಳು ನಿಂತವು. ಬಳೆ ಗೆಣ್ಣಿನ ಮೇಲಿತ್ತು. ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

"ನಮ್ಮ ಹಾಶಿಮ..." ಎಂದಳು. ಊರೂರಿನಲ್ಲಿ ಸಾವಿರ ಸಲ ಕೇಳಿದ ಮಾತು ಅರ್ಧಕ್ಕೇ ನಿಂತಿತು. "ನಿನಗೇನರ ಗೊತ್ತೈತೇನ ಬೇಟಾ?"

"ಇಲ್ಲ ಖಾಲಾ. ಅವತ್ತು ಮುಂಜಾನಿ ಲಗ್ನದ ಸೀರಿ ಬಣ್ಣ ಯಾವುದಿರ್ಲಿ ಅಂತ ಕೇಳಿದ. ಗುಲಾಬಿ ಅಂದೆ. ಅಷ್ಟ."

ಕೈ ನಾದಿದ ಹಿಟ್ಟಿನ ಹಾಗೆ ಮೆತ್ತಗಿತ್ತು. ಬಳೆ ತಾನಾಗಿ ಜಾರಿತು.

ಆದರೆ ಆ ಕೈ ಅಲ್ಲಿಗೆ ಬಿಡಲಿಲ್ಲ. ತಿರುಗಿ ಮೌಲಾಬಿಯ ಕೈಯನ್ನು, ಸರಿಯಾಗಿ ಹೆಬ್ಬೆಟ್ಟಿನ ಬುಡದಲ್ಲೇ, ಹಿಡಿಯಿತು. ಹೊಲಿಗೆ ಮಶೀನಿನ ಕೈ, ಬಿಗಿ ಚೆನ್ನಾಗಿತ್ತು.

"ಈಗ ನಾ ಕೇಳ್ಲೇನು? ಎರಡು ವರ್ಸ ಆತು, ನೀವ ಅವನ್ನ ಎಲ್ಲ್ಯೋ ಬಚ್ಚಿಟ್ಟೀರಿ ಅಂದ್ಕೊಂಡಿದ್ದೆ ನಾ. ಅವ ನನ್ನ ಒಲ್ಲೆ ಅಂದಿರಬೇಕು, ನಿಮಗ ಹೇಳಾಕ ಬಾಯಿ ಬರ್ಲಿಲ್ಲ, ಅದಕ್ಕ ನನ್ನೊಬ್ಬಾಕಿನ್ನ ಕೇಳವಲ್ರಿ ಅಂತ. ಖರೆ ಹೇಳ್ರಿ ಖಾಲಾ, ಗೊತ್ತೈತೇನು ನಿಮಗ?"

"ಯಾ ಅಲ್ಲಾಹ್!" ಎಂದಳು ಮೌಲಾಬಿ. "ನಿನ್ನ ಕೈಯಾಗಿನ ವಾಚು ನೋಡಿ ನಾ ನೀನ ಬಚ್ಚಿಟ್ಟೀಯ ಅಂದ್ಕೊಂಡಿದ್ನಲ್ಲ!"

ಎರಡು ಓಣಿ ಅಂತರದಲ್ಲಿ ಕುಳಿತು ಎರಡು ವರ್ಷ ಒಬ್ಬರನ್ನೊಬ್ಬರು ಕಾಯ್ದ ಇಬ್ಬರೂ ಕೈ ಹಿಡಿದುಕೊಂಡು ಕುಳಿತರು. ಮೌಲಾಬಿಯ ಕೈಯಲ್ಲೂ ಮುಚ್ಚಿಟ್ಟದ್ದೇನೂ ಇರಲಿಲ್ಲ. ಅದನ್ನು ಫರ್ಹೀನ್ ನೋಡಿಯೇ ಬಿಟ್ಟಳು. ಅಯ್ಯಮ್ಮ ಮೂಗು ಸೀಟಿ, "ಎಲ್ಲಾ ಬಿಟ್ಟು ನಮ್ಮನಿ ಹತ್ತಿ ಕೆದರಿದ್ರಿ," ಎಂದಳು. ಯಾರೋ ನಕ್ಕರು, ಯಾರೋ ಅತ್ತರು.

ಎಣಿಸಿದ ಬಳೆ ಮುಗಿದ ಮೇಲೆ ಬಳೆಗಾರ್ತಿ ತನ್ನ ಕಡೆಯಿಂದ ಒಂದು ಹೆಚ್ಚಿಗೆ ಇಡಿಸಿ ಹರಸುವುದು ರೂಢಿ. ಮೌಲಾಬಿ ಆ ಕೊಸರಿನ ಬಳೆಯನ್ನೂ ನುಜ್ಹತಳ ಡಬ್ಬಿಯಿಂದಲೇ ತೆಗೆದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಅವಳದೇ ಕೈ ತಪ್ಪಿತು, ಬಳೆ ಹೆಚ್ಚಿತು. ಹೆಂಗಸರೆಲ್ಲ ಗಾಜಿನ ಚೂರಿನ ಕಡೆಗೇ ನೋಡಿದರು. ಮದುಮಗಳ ಮುಂದೆ ಹೀಗಾಗಬಾರದು. ನುಜ್ಹತಳ ಮುಖ ಬಿಳಿಚಿತು.

"ಯಾಕ ಎಲ್ಲಾರೂ ಹಿಂಗ ನೋಡಾಕತ್ತೀರಿ?" ಎಂದು ಮೌಲಾಬಿ ಮೂಗೊರೆಸಿಕೊಂಡಳು. "ಹೈದರಾಬಾದಿನ ಮಾಲು ನೀವ ತರಿಸಿದ್ರಿ. ನಿಲ್ಲೂದಿಲ್ಲ ಅಂತ ನಾ ಮದ್ಲ ಹೇಳಿದ್ದೆ." ಎನ್ನುತ್ತ ತನ್ನ ಚೀಲಕ್ಕೆ ಕೈ ಹಾಕಿ, ಖಾಲಿಯಾಗಿದೆ ಎಂದಿದ್ದ ಹಸಿರು ಬಳೆಯನ್ನು ಹೊರತೆಗೆದು ಇಡಿಸಿದಳು. ಅಳತೆ ಎರಡು-ನಾಲ್ಕು. ಒಂದಲ್ಲ, ಕೈಗೊಂದೊಂದು. ಅಂಥದ್ದು ಚೀಲದ ತುಂಬ ಇದ್ದುದನ್ನು ನುಜ್ಹತ ನೋಡಿದಳು, ತನ್ನ ಡಬ್ಬಿಯ ಮುಚ್ಚಳ ಹಾಕಿದಳು.

ಕ್ರಾಸಿಗೆ ಬಂದರೆ ಅಮಾತೆಪ್ಪನ ಅಂಗಡಿಯ ಬೆಂಚಿನ ಮೇಲೆ ಖುರ್ಷೀದಬೇಗಂ ಚಹಾ ಕುಡಿಯುತ್ತ ಕುಳಿತಿದ್ದಳು, ತೊಡೆಯ ಮೇಲೆ ಚೀಲ. ನುಜ್ಹತ ಫೋನನ್ನು ಮೊದಲೇ ಹಚ್ಚಿದ್ದಳೆಂದು ಕಾಣುತ್ತದೆ.

"ಸುಮ್ನ ಈ ಕಡಿ ಬಂದಿದ್ದೆ ಆಪಾ, ಹವಾ ಚಲೋ ಐತಂತ," ಎಂದಳು ಖುರ್ಷೀದಬೇಗಂ, ಚೀಲವನ್ನು ಬಿಗಿಯಾಗಿ ಹಿಡಿದುಕೊಂಡು. ಮೊಣಕಾಲಿನ ನೆನಪು ಹೋಗಿರಲಿಲ್ಲ.

ಮೌಲಾಬಿ ಪಕ್ಕದಲ್ಲಿ ಕುಳಿತಳು. "ನೀ ನನ್ನ ಹಳ್ಳಿಗೋಳಾಗ ಚೀಲ ಬಿಚ್ಚು. ನಾ ನಿನ್ನ ಹಳ್ಳಿಗೋಳಾಗ ಬಿಚ್ತೀನಿ. ಒಂದ ವರ್ಸ. ಆಮ್ಯಾಲ ನಿನ್ನದು ನಿನಗ, ನನ್ನದು ನನಗ."

ಖುರ್ಷೀದಬೇಗಂ ಬಸಿ ಕೆಳಗಿಟ್ಟಳು. ಓಣಿಯ ಒಂದು ಬಾಗಿಲನ್ನೂ ಬಿಟ್ಟುಕೊಡದ ಹೆಂಗಸು ಊರಿಗೆ ಊರೇ ಕೊಡುತ್ತಿದ್ದಾಳೆ. ಇದರಲ್ಲೇನೋ ಮಸಲತ್ತಿದೆ. "ನನ್ನ ಕಡಿ ವ್ಯಾಪಾರ ಭಾಳ ಕಮ್ಮಿ ಆಪಾ," ಎಂದು ಹುಷಾರಾಗಿ ಒಂದು ಹೆಜ್ಜೆ ಇಟ್ಟಳು.

"ವ್ಯಾಪಾರ ನೀನ ಇಟ್ಕೋ. ನನಗ ಕೈ ಬೇಕು. ಇಲ್ಲಿವು ಮುಗದಾವು."

ಖುರ್ಷೀದಬೇಗಂಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಚೌಕಾಸಿ ಮಾಡಲಿಲ್ಲ. ಅವಳ ಜನ್ಮದಲ್ಲಿ ಅದೊಂದೇ ಸಲ. ಕೈ ಮುಂದೆ ಚಾಚಿ, "ಹಂಗಾರ ನನ್ನದ ಮದ್ಲ ಹಿಡಿ," ಎಂದಳು. ಮೌಲಾಬಿ ಹಿಡಿದು ಒತ್ತಿ ನೋಡಿದಳು. ಆಣಿಗಟ್ಟಿದ ಕೈ, ತನ್ನದರ ಹಾಗೆಯೇ. ಬಳೆಗಾರ್ತಿಯ ಕೈ ಓದಲು ಇನ್ನೊಬ್ಬ ಬಳೆಗಾರ್ತಿಗೆ ಬರುವುದಿಲ್ಲ.

ಮುಂದಿನ ವಾರ ಮೌಲಾಬಿ ಚೀಲ ಹೊತ್ತು ಸುರಪುರದಲ್ಲಿ ಇಳಿದಳು. ಗೊತ್ತಿದ್ದ ಮನೆ ಒಂದೇ. ಬಾಗಿಲು ತೆರೆದ ಮರಿಲಿಂಗಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. ಒಳಗೆ ದೇವಿಂದ್ರ ಬೆಳ್ಳುಳ್ಳಿ ಸುಲಿಯುತ್ತಿದ್ದ. ಬಳೆಗಾರ್ತಿಯನ್ನು ನೋಡಿ ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದ.

"ಬಾರವ್ವಾ ಬಾ! ಟ್ರೇನಿಂಗಿಗೆ ಹ್ವಾದಾವನ್ನ ನಡುವ ಎಳದ ತಂದ ಕೊಟ್ಟಾಕಿ ನೀನ ಹೌದಲ್ಲೋ? ಈ ಸಲ ಯಾರರ ಸಿಕ್ರ ನಿನ್ನ ಮನ್ಯಾಗ ಇಟ್ಕೋ. ನನ್ನ ಮನ್ಯಾಗ ಜಾಗಿಲ್ಲ."

"ಅದಕ್ಕ ಬಂದೀನವ್ವಾ," ಎಂದು ಮೌಲಾಬಿ ಕಟ್ಟೆಯ ಮೇಲೆ ಕುಳಿತು ಚೀಲದ ಬಾಯಿ ಬಿಚ್ಚಿದಳು. "ಕೈ ಕೊಡು. ಎರಡು-ಎಂಟು?"

"ಎರಡು-ಆರು!"

"ಎರಡು-ಎಂಟು," ಎಂದಳು ಮೌಲಾಬಿ, ಹೆಬ್ಬೆಟ್ಟಿನ ಬುಡಕ್ಕೆ ಬೆರಳಿಡುತ್ತ. ಬಳೆ ಗೆಣ್ಣಿನ ಮೇಲೆ ಬರುವವರೆಗೆ ಕಾಯ್ದು, ಆಮೇಲೆ ಕೇಳಿದಳು.